ಮುಚ್ಚಿದ ಕಾರ್ಖಾನೆಯ ಕಥೆ ಬೀದಿ ಗೋಡೆಗೆ: ಬಡಾವಣೆಯವರೇ ಸೇರಿ ಸಾರ್ವಜನಿಕ ಕಲೆ ಮಾಡುವ ಸಮಗ್ರ ಮಾರ್ಗದರ್ಶಿ

ಹಳೇ ಕಾರ್ಖಾನೆ ಇದ್ದ ಬಡಾವಣೆಗಳ ಗೋಡೆಚಿತ್ರಗಳನ್ನು ಒಮ್ಮೆ ಗಮನಿಸಿ. ಒಂದು ಚಿಮಣಿ, ಮೇಲೆ ಸುರುಳಿ ಹೊಗೆ, ಕೆಳಗೆ ಒಂದಕ್ಕೊಂದು ಕಚ್ಚಿಕೊಂಡ ಮೂರು ಗೇರ್ ಚಕ್ರ. ಬಹಳ ಕಡೆ ಇದೇ. ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ಆ ಮೂರು ಚಕ್ರ ತಿರುಗುವುದಿಲ್ಲ. ಮೊದಲನೆಯದು ಬಲಕ್ಕೆ ತಿರುಗಿದರೆ ಎರಡನೆಯದು ಎಡಕ್ಕೆ ತಿರುಗಬೇಕು, ಮೂರನೆಯದು ಮತ್ತೆ ಬಲಕ್ಕೆ. ಆದರೆ ಮೂರನೆಯದು ಮೊದಲನೆಯದಕ್ಕೂ ತಾಗಿಕೊಂಡಿದೆಯಲ್ಲ? ಎರಡೂ ಬಲಕ್ಕೇ ತಿರುಗಲು ಹೋದರೆ ಹಲ್ಲಿಗೆ ಹಲ್ಲು ಸಿಕ್ಕಿ ಮೂರೂ ಅಲ್ಲೇ ಬಿಗಿದು ನಿಲ್ಲುತ್ತವೆ. ವರ್ಷಗಟ್ಟಲೆ ಯಂತ್ರದ ಮುಂದೆ ನಿಂತವರು ಇದನ್ನು ಒಂದೇ ನೋಟಕ್ಕೆ ಹಿಡಿಯುತ್ತಾರೆ. ಹಿಡಿದು, ಸುಮ್ನೆ ನಕ್ಕು ಮುಂದೆ ಹೋಗುತ್ತಾರೆ. ಅವರ ಬಗ್ಗೆ ಬರೆದ ಚಿತ್ರ, ಅವರನ್ನು ಕೇಳದೆ ಬರೆದದ್ದು ಎಂದು ಅವರಿಗೆ ಆಗಲೇ ಗೊತ್ತಾಗಿರುತ್ತದೆ.

ಈ ಬರಹದ ಉದ್ದಕ್ಕೂ ನಾನು ಹಿಡಿದಿರುವ ಹಟ ಒಂದೇ. ಕಟ್ಟಡಕ್ಕಿಂತ ಕೆಲಸವನ್ನು ಬರೆಯಿರಿ. ಆ ಕೆಲಸ ಮಾಡಿದವರ ಕೈಯಲ್ಲಿ ಸಲಹೆಯ ಜೊತೆಗೆ ತೀರ್ಮಾನವನ್ನೂ ಕೊಡಿ. ಉಳಿದದ್ದು ಬಣ್ಣ, ಗಾರೆ, ಅನುಮತಿ, ಲೆಕ್ಕಪತ್ರ. ಅವೂ ಮುಖ್ಯವೇ, ಒಂದೊಂದಾಗಿ ನೋಡೋಣ.

1. ಮೊದಲು ಜನ ಸೇರಿಸಿ, ಗೋಡೆ ಆಮೇಲೆ

ಒಳ್ಳೇ ಗೋಡೆ ಸಿಕ್ಕಿತು ಎಂದು ಕೆಲಸ ಶುರು ಮಾಡುವವರೇ ಜಾಸ್ತಿ. ಹಾಗೆ ಮಾಡಿದರೆ ಗೋಡೆಯ ಅಳತೆಗೆ ಕಥೆಯನ್ನು ಕತ್ತರಿಸಬೇಕಾಗುತ್ತದೆ. ಮೊದಲು ಆರೇಳು ಜನರ ಚಿಕ್ಕ ತಂಡ ಕಟ್ಟಿ. ಅದರಲ್ಲಿ ಕಾರ್ಖಾನೆಯಲ್ಲಿ ದುಡಿದವರು ಕನಿಷ್ಠ ಇಬ್ಬರು ಇರಲಿ. ಒಬ್ಬರೇ ಇದ್ದರೆ ಅವರ ನೆನಪೇ ಎಲ್ಲರ ಇತಿಹಾಸವಾಗಿಬಿಡುತ್ತದೆ. ಗೋಡೆಗಳ ಎದುರು ಬದುಕುವವರು, ಲೆಕ್ಕ ಬರೆಯಬಲ್ಲವರು, ಹದಿಹರೆಯದ ಒಬ್ಬರು, ಒಬ್ಬ ಕಲಾವಿದ ಅಥವಾ ಕಲಾವಿದೆ ಇರಲಿ. ಕಲಾವಿದರಿಗೆ ಸಂಬಳ ಕೊಡಿ. ಊರ ಕೆಲಸ ತಾನೇ ಎಂದು ಪುಕ್ಕಟೆ ಮಾಡಿಸಿಕೊಂಡರೆ ಅರ್ಧದಲ್ಲಿ ನಿಂತಾಗ ಕೇಳುವ ಬಾಯಿ ಇರುವುದಿಲ್ಲ.

ಮೊದಲ ಸಭೆಯಲ್ಲೇ ಒಂದು ವಿಷಯ ಬರೆದಿಟ್ಟುಕೊಳ್ಳಿ: ಚಿತ್ರದಲ್ಲಿ ಏನಿರಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ, ಹೇಗಿರಬೇಕು ಎಂಬುದನ್ನು ಯಾರು ತೀರ್ಮಾನಿಸುತ್ತಾರೆ. ನನ್ನ ಪ್ರಕಾರ ಮೊದಲನೆಯದು ತಂಡದ್ದು, ಎರಡನೆಯದು ಕಲಾವಿದರದು. ಇದು ಸ್ಪಷ್ಟವಿಲ್ಲದಿದ್ದರೆ ಬಣ್ಣ ಹಚ್ಚುವ ದಿನ ಸಾರುವೆಯ ಕೆಳಗೆ ಜಗಳ ಆಗುತ್ತದೆ.

2. ಕೆಲಸದ ನೆನಪು ಸಂಗ್ರಹಿಸಿ

ಇಡೀ ಯೋಜನೆಯಲ್ಲಿ ಜಾಸ್ತಿ ಸಮಯ ಕೊಡಬೇಕಾದ ಹಂತ ಇದು. ಬಣ್ಣಕ್ಕೆ ಎರಡು ವಾರ ಎಂದುಕೊಂಡರೆ ಇದಕ್ಕೆ ಎರಡು ತಿಂಗಳು ಇಡಿ.

"ಆಗ ಜೀವನ ಹೇಗಿತ್ತು?" ಎಂದು ಕೇಳಿದರೆ "ಚೆನ್ನಾಗಿತ್ತು, ಕಷ್ಟ ಇತ್ತು" ಎಂಬ ಉತ್ತರ ಬರುತ್ತದೆ. ಅದನ್ನು ಇಟ್ಟುಕೊಂಡು ಏನು ಬರೆಯುವುದು? ಕೈಗೆ ಸಂಬಂಧಿಸಿದ ಪ್ರಶ್ನೆ ಕೇಳಿ. ಪಾಳಿಗೆ ಬಂದ ತಕ್ಷಣ ಮೊದಲು ಏನು ಮುಟ್ಟುತ್ತಿದ್ದಿರಿ? ಯಂತ್ರ ಕೆಡುತ್ತಿದೆ ಎಂದು ಯಾವ ಶಬ್ದದಿಂದ ಗೊತ್ತಾಗುತ್ತಿತ್ತು? ಊಟದ ಡಬ್ಬಿ ಎಲ್ಲಿಡುತ್ತಿದ್ದಿರಿ? ಮನೆಗೆ ಹೋದಾಗ ಬಟ್ಟೆಯಲ್ಲಿ ಏನು ವಾಸನೆ? ಯಾವ ಬೆರಳಿಗೆ ಗಾಯ ಜಾಸ್ತಿ ಆಗುತ್ತಿತ್ತು? ಹೀಗೆ ಕೇಳಿದಾಗ ಕೆಲವರು ಎದ್ದು ನಿಂತು ಮಾಡಿಯೇ ತೋರಿಸುತ್ತಾರೆ. ಅದನ್ನು ವಿಡಿಯೋ ಮಾಡಿಕೊಳ್ಳಿ. ಚಿತ್ರಕ್ಕೆ ಬೇಕಾದ ಭಂಗಿ ಅಲ್ಲೇ ಇದೆ.

ಇಂಥ ವಿವರಗಳ ಬೆಲೆ ಏನು ಅಂತ ಒಂದು ಉದಾಹರಣೆ ಹೇಳುತ್ತೇನೆ. ಇಂಗ್ಲೆಂಡಿನ ಲ್ಯಾಂಕಶೈರ್‌ನ ಬಟ್ಟೆ ಮಿಲ್ಲುಗಳಲ್ಲಿ ಮಗ್ಗಗಳ ಸದ್ದಿಗೆ ಪಕ್ಕದವರ ಮಾತೂ ಕೇಳಿಸುತ್ತಿರಲಿಲ್ಲ. ಅಲ್ಲಿನ ಹೆಂಗಸರು ಬಾಯನ್ನು ದೊಡ್ಡದಾಗಿ ಆಡಿಸಿ, ಕೈ ಸನ್ನೆ ಸೇರಿಸಿ ಮಾತಾಡುವುದನ್ನು ಕಲಿತರು. ತುಟಿ ನೋಡಿಯೇ ಹರಟೆ ನಡೆಯುತ್ತಿತ್ತು. ಅದಕ್ಕೆ ಅವರೇ 'ಮೀ-ಮಾಯಿಂಗ್' ಎಂದು ಹೆಸರಿಟ್ಟುಕೊಂಡಿದ್ದರು. ಇನ್ನೊಂದು: ಮಗ್ಗದಲ್ಲಿ ಅಡ್ಡನೂಲನ್ನು ಒಯ್ಯುವ ಲಾಳಿಯ ಕಣ್ಣಿಗೆ ನೂಲು ಪೋಣಿಸಲು ನೇಕಾರರು ಅದನ್ನು ಬಾಯಿಗಿಟ್ಟು ಉಸಿರೆಳೆಯುತ್ತಿದ್ದರು. ಒಂದೇ ಲಾಳಿಗೆ ಹಲವರ ಬಾಯಿ ತಾಗುತ್ತಿತ್ತು, ರೋಗ ಹರಡುವ ಭಯ ಇತ್ತು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1911ರಲ್ಲಿ ಇದನ್ನು ಕಾನೂನಿನಿಂದ ನಿಲ್ಲಿಸಿದರು. ಒಂದು ಕಡೆ ಸದ್ದಿಲ್ಲದ ಹರಟೆ, ಇನ್ನೊಂದು ಕಡೆ ತುಟಿಗೆ ತಾಗಿದ ಲಾಳಿ. ಇವೆರಡರಲ್ಲಿ ಯಾವುದನ್ನು ಬರೆದರೂ ನೂರು ಚಿಮಣಿಗಿಂತ ಮೇಲು, ಅಲ್ವಾ?

ಸಂಗ್ರಹಿಸುವ ಕ್ರಮ ಹೀಗಿರಲಿ. ಧ್ವನಿ ದಾಖಲಿಸುವ ಮೊದಲು, ಎಲ್ಲೆಲ್ಲಿ ಬಳಸುತ್ತೀರಿ ಎಂದು ಹೇಳಿ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಹೇಳಿದ್ದನ್ನು ಮುಂದೆ ವಾಪಸ್ ತೆಗೆದುಕೊಳ್ಳುವ ಹಕ್ಕೂ ಆ ಕಾಗದದಲ್ಲಿ ಇರಲಿ. ಫ್ಯಾನ್ ಆರಿಸಿ, ಫೋನನ್ನು ಒಂದು ಅಡಿ ದೂರದಲ್ಲಿ ಮೆತ್ತನೆ ಬಟ್ಟೆಯ ಮೇಲಿಡಿ. ಒಬ್ಬೊಬ್ಬರನ್ನೇ ಕೇಳಿದ ಮೇಲೆ ಮೂರ್ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ, ದೊಡ್ಡ ಕಾಗದದ ಮೇಲೆ ಕಾರ್ಖಾನೆಯ ನಕ್ಷೆ ಬರೆಸಿ. "ಬಾಯ್ಲರ್ ಅಲ್ಲಿರಲಿಲ್ಲ, ಈ ಕಡೆ" ಎಂದು ಒಬ್ಬರು ತಿದ್ದುತ್ತಾರೆ. ಆ ತಿದ್ದಾಟದಲ್ಲೇ ಮರೆತದ್ದೆಲ್ಲ ಹೊರಬರುತ್ತದೆ. ಹಳೇ ಫೋಟೋ ಕೊಟ್ಟರೆ ಅವರ ಎದುರೇ 600 ಡಿಪಿಐ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿ ಅದೇ ದಿನ ವಾಪಸ್ ಕೊಡಿ. ಯಾರ ಫೋಟೋವನ್ನೂ "ಆಮೇಲೆ ತಂದುಕೊಡ್ತೀನಿ" ಎಂದು ಒಯ್ಯಬೇಡಿ.

ಕಾಗದದ ದಾಖಲೆಗಳೂ ಬೇಕು. ಹಳೇ ಸರ್ವೆ ನಕ್ಷೆ, ಕಂಪನಿಯ ಜಾಹೀರಾತು, ಯಂತ್ರ ತಯಾರಿಸಿದವರ ಕ್ಯಾಟಲಾಗ್, ಪತ್ರಿಕೆಗಳ ಹಳೇ ಸಂಚಿಕೆ ಹುಡುಕಿ. ಪೇಟೆಂಟ್ ರೇಖಾಚಿತ್ರಗಳನ್ನು ಬಹಳ ಜನ ಮರೆಯುತ್ತಾರೆ. ಯಂತ್ರದ ಪ್ರತಿಯೊಂದು ಭಾಗ ಅಲ್ಲಿ ಗೆರೆಯಲ್ಲಿ ಬರೆದಿರುತ್ತದೆ, ಅಂತರ್ಜಾಲದಲ್ಲಿ ಪುಕ್ಕಟೆ ನೋಡಬಹುದು. ಯಂತ್ರವೇ ಗುಜರಿಗೆ ಹೋಗಿದ್ದರೂ ಅದರ ಗೆರೆ ಉಳಿದಿರುತ್ತದೆ.

ಯಾರ ಮಾತು ಇನ್ನೂ ಬಂದಿಲ್ಲ ಎಂದು ಆಗಾಗ ನೋಡಿಕೊಳ್ಳಿ. ಗುತ್ತಿಗೆ ಕೆಲಸಗಾರರು, ಕ್ಯಾಂಟೀನಿನವರು, ಕಸ ಗುಡಿಸಿದವರು, ಹೊಗೆ ಕುಡಿದ ಅಕ್ಕಪಕ್ಕದ ಮನೆಯವರು, ಗೇಟಿನ ಹೊರಗೆ ಗಾಡಿ ಇಟ್ಟುಕೊಂಡಿದ್ದವರು. ಮುಷ್ಕರ, ಅಪಘಾತ, ಬೀಗಮುದ್ರೆ, ಕೈಗೆ ಸಿಗದ ಬಾಕಿ ಹಣ ಇವೂ ಬರುತ್ತವೆ. ಇವನ್ನು ಬದಿಗಿಟ್ಟು ಬರೀ ಸಿಹಿ ನೆನಪು ಬರೆದರೆ ಅದು ಕಂಪನಿಯ ಕ್ಯಾಲೆಂಡರ್ ಆಗುತ್ತದೆ. ಆದರೆ ಸತ್ತವರ ವಿಷಯ ಬಂದಾಗ ಅವರ ಮನೆಯವರ ಮಾತೇ ಕೊನೆ. ಅವರು ಬೇಡ ಎಂದರೆ ಬೇಡ.

3. ಜಾಗ ಹುಡುಕಿ, ಅಪಾಯ ಪರೀಕ್ಷಿಸಿ

ಗೋಡೆ ಯಾರದ್ದು ಎಂಬುದಕ್ಕೆ ಬಾಯಿಮಾತಿನ ಉತ್ತರ ನಂಬಬೇಡಿ, ದಾಖಲೆ ನೋಡಿ. ಕಾರ್ಖಾನೆ ಮುಚ್ಚಿದ ಮೇಲೆ ಜಾಗ ಬ್ಯಾಂಕು, ಕೋರ್ಟು, ಬಿಲ್ಡರ್ ಎಂದು ಕೈ ಬದಲಾಯಿಸಿರುತ್ತದೆ. ಕಟ್ಟಡ ಪಾರಂಪರಿಕ ಪಟ್ಟಿಯಲ್ಲಿ ಇದ್ದರೆ ಇಟ್ಟಿಗೆಗೆ ನೇರ ಬಣ್ಣ ಹಚ್ಚಲು ಬಿಡಲಿಕ್ಕಿಲ್ಲ. ಆಗ ಹಲಗೆಯ ಮೇಲೆ ಚಿತ್ರ ಬರೆದು ಗಾರೆಯ ಸಂದಿಗಳಲ್ಲಿ ಮೊಳೆ ಕೂರಿಸಿ ತೂಗುಹಾಕುವುದೇ ದಾರಿ. ಇಟ್ಟಿಗೆಗೇ ತೂತು ಹೊಡೆಯಬೇಡಿ. ಗಾರೆಯನ್ನು ಮತ್ತೆ ತುಂಬಬಹುದು, ಒಡೆದ ಇಟ್ಟಿಗೆಯನ್ನು ಸರಿಮಾಡಲು ಆಗದು.

ಕಾರ್ಖಾನೆ ಜಾಗದ ಅಪಾಯಗಳು ಶಾಲೆಯ ಕಾಂಪೌಂಡಿನ ಗೋಡೆಯಂತಲ್ಲ. ಹಳೇ ಎಣ್ಣೆ ಬಣ್ಣದಲ್ಲಿ ಸೀಸ ಇರಬಹುದು. ಪರೀಕ್ಷೆ ಮಾಡಿಸದೆ ಒಣಗಿದ ಬಣ್ಣವನ್ನು ಉಜ್ಜಬೇಡಿ. ಆ ಧೂಳು ಮಕ್ಕಳ ಮೆದುಳಿಗೆ ವಿಷ. ಸುಕ್ಕು ಶೀಟು, ಕೊಳವೆಯ ಸುತ್ತ ಸುತ್ತಿದ ಬಿಳಿ ಪಟ್ಟಿ, ಹಳೇ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್ ಇವುಗಳಲ್ಲಿ ಆಸ್ಬೆಸ್ಟಾಸ್ ಇರುವ ಸಂಭವ ಹೆಚ್ಚು. ಕೊರೆಯುವುದು, ಮುರಿಯುವುದು, ಗುಡಿಸುವುದು ಯಾವುದೂ ಬೇಡ. ಅದಕ್ಕೆ ಪರವಾನಗಿ ಇರುವವರನ್ನೇ ಕರೆಸಿ. ನೆಲದ ಮಣ್ಣೂ ಹಾಗೆಯೇ. ಅಮೆರಿಕದ ಸಿಯಾಟಲ್‌ನ ಗ್ಯಾಸ್ ವರ್ಕ್ಸ್ ಪಾರ್ಕ್ ಇದಕ್ಕೆ ಪಾಠ. 1906ರಿಂದ 1956ರವರೆಗೆ ಅಲ್ಲಿ ಅನಿಲ ತಯಾರಿಸುವ ಕಾರ್ಖಾನೆ ಇತ್ತು. ಭೂದೃಶ್ಯ ವಾಸ್ತುಶಿಲ್ಪಿ ರಿಚರ್ಡ್ ಹಾಗ್ ಅದರ ಗೋಪುರಗಳನ್ನು ಕೆಡವದೆ ಉಳಿಸಿ ಉದ್ಯಾನ ಮಾಡಿದರು, 1975ರಲ್ಲಿ ತೆರೆಯಿತು. ಯಂತ್ರಗಳಿದ್ದ ಒಂದು ಕಟ್ಟಡ ಮಕ್ಕಳು ಆಡುವ ಜಾಗವಾಯಿತು, ಯಂತ್ರಗಳಿಗೆ ಗಾಢ ಬಣ್ಣ ಬಳಿದರು. ಆದರೆ ಮಣ್ಣಿಗೆ ಇಳಿದಿದ್ದ ಟಾರಿನಂಥ ವಿಷ ವಸ್ತುಗಳ ಕಾಟ ಉದ್ಯಾನ ತೆರೆದ ಮೇಲೂ ದಶಕಗಟ್ಟಲೆ ಮುಗಿಯಲಿಲ್ಲ.

4. ಯಾವ ರೂಪ ಎಂದು ಆರಿಸಿ

ಗೋಡೆಚಿತ್ರವೇ ಆಗಬೇಕೆಂದೇನೂ ಇಲ್ಲ. ಸಿಕ್ಕ ಕಥೆ ಯಾವ ಇಂದ್ರಿಯದ್ದು ಎಂದು ನೋಡಿ. ಪಾಳಿಯ ಸೈರನ್ ಬಗ್ಗೆಯೇ ಎಲ್ಲರೂ ಮಾತಾಡಿದರೆ ಅದು ಶಬ್ದದ ಕೆಲಸ. ಹಳಿ ಎಲ್ಲಿ ಹಾದುಹೋಗಿತ್ತು ಎಂಬುದೇ ಮುಖ್ಯವಾದರೆ ನೆಲದಲ್ಲಿ ಗೆರೆ ಸಾಕು. ಕಾರ್ಖಾನೆಯ ಒಡೆದ ಟೈಲ್ಸ್ ರಾಶಿ ಬಿದ್ದಿದ್ದರೆ ಮೊಸಾಯಿಕ್ ಮಾಡಿ.

ಜರ್ಮನಿಯ ಡ್ಯೂಯಿಸ್‌ಬರ್ಗ್‌ನಲ್ಲಿ 1985ರಲ್ಲಿ ಮುಚ್ಚಿದ ಉಕ್ಕಿನ ಕಾರ್ಖಾನೆಯನ್ನು ಪೀಟರ್ ಲಾಟ್ಸ್ ಉದ್ಯಾನವಾಗಿ ವಿನ್ಯಾಸ ಮಾಡಿದರು. ಎರಕದ ಜಾಗದಲ್ಲಿ ಬಳಸುತ್ತಿದ್ದ 49 ಕಬ್ಬಿಣದ ಹಲಗೆಗಳನ್ನು ತಂದು ಏಳು ಸಾಲಿಗೆ ಏಳರಂತೆ ನೆಲಕ್ಕೆ ಹಾಸಿ ಒಂದು ಚೌಕ ಮಾಡಿದ್ದಾರೆ. ಹೊಸದಾಗಿ ಏನನ್ನೂ ಕೆತ್ತಿಲ್ಲ. ಕಾದ ಲೋಹ ಹರಿದು ಸವೆದ ಮೇಲ್ಮೈಯೇ ಅಲ್ಲಿ ಚಿತ್ರ. ಅಮೆರಿಕದ ಪಿಟ್ಸ್‌ಬರ್ಗ್ ಬಳಿಯ ಕ್ಯಾರಿ ಫರ್ನೇಸ್‌ನಲ್ಲಿ ಇನ್ನೊಂದು ಥರ. 1997-98ರಲ್ಲಿ ಕಲಾವಿದರ ಗುಂಪೊಂದು ಪಾಳುಬಿದ್ದ ಕುಲುಮೆಯ ಅಂಗಳದಲ್ಲೇ ಸಿಕ್ಕ ಕೊಳವೆ, ತಂತಿ ಕಟ್ಟಿ ಭಾರಿ ಎತ್ತರದ ಜಿಂಕೆಯ ತಲೆ ನಿಲ್ಲಿಸಿತು. ಜನ ಹೋದ ಮೇಲೆ ಜಿಂಕೆಗಳು ಬಂದವು ಎಂಬ ಕಥೆ ಅದರಲ್ಲೇ ಇದೆ. ಅವರು ಅನುಮತಿ ಇಲ್ಲದೆ ಒಳನುಗ್ಗಿ ಮಾಡಿದ್ದು. ಕೆಲಸ ಅದ್ಭುತ, ಆದರೆ ಮಕ್ಕಳು ಮುದುಕರನ್ನು ಸೇರಿಸಿಕೊಂಡು ಮಾಡುವ ಯೋಜನೆಗೆ ಆ ದಾರಿ ಹಿಡಿಯಬೇಡಿ.

5. ವಿನ್ಯಾಸ: ಬೇಡ ಎನ್ನುವ ಹಕ್ಕು

ಸಂಗ್ರಹಿಸಿದ ಮಾತು, ಫೋಟೋ, ರೇಖಾಚಿತ್ರಗಳನ್ನೆಲ್ಲ ಒಂದು ಕೋಣೆಯ ಗೋಡೆಗೆ ಅಂಟಿಸಿ. ಬಂದವರೆಲ್ಲ ತಮಗೆ ಮುಖ್ಯ ಎನಿಸಿದ್ದಕ್ಕೆ ಗುರುತು ಹಾಕಲಿ. ಮೊದಲ ಗುರುತು ದುಡಿದವರದ್ದಾಗಲಿ. ಆಮೇಲೆ ಕಲಾವಿದರು ಮೂರು ಬೇರೆ ಬೇರೆ ಕರಡು ತರಲಿ. ಒಂದೇ ತಂದರೆ ಜನ ಸಂಕೋಚಕ್ಕೆ "ಚೆನ್ನಾಗಿದೆ" ಎಂದುಬಿಡುತ್ತಾರೆ. ಬಣ್ಣವಿಲ್ಲದ ಪೆನ್ಸಿಲ್ ಕರಡೇ ಇರಲಿ. ಪೂರ್ತಿ ಮುಗಿಸಿ ತಂದ ಚಿತ್ರವನ್ನು ತಿದ್ದಿ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಇಂಗ್ಲೆಂಡಿನ ಸೇಂಟ್ ಹೆಲೆನ್ಸ್‌ನಲ್ಲಿ ಸಟನ್ ಮ್ಯಾನರ್ ಎಂಬ ಕಲ್ಲಿದ್ದಲು ಗಣಿ 1991ರಲ್ಲಿ ಮುಚ್ಚಿತು. ಆ ಜಾಗದಲ್ಲಿ ಕಲಾಕೃತಿ ಬೇಕೆಂದು ಹಿಂದೆ ಅಲ್ಲಿ ದುಡಿದ ಗಣಿಗಾರರೇ ಮುಂದೆ ನಿಂತರು. ಸ್ಪೇನಿನ ಶಿಲ್ಪಿ ಜೌಮೆ ಪ್ಲೆನ್ಸಾ ಮೊದಲು ತಂದದ್ದು ಗಣಿಗಾರರ ದೀಪದ ಕಲ್ಪನೆ. ಯಾರಿಗಾದರೂ ಮೊದಲು ಹೊಳೆಯುವುದು ಅದೇ ತಾನೇ? ಗಣಿಗಾರರು ಒಪ್ಪಲಿಲ್ಲ. ಕಳೆದದ್ದನ್ನೇ ನಿಲ್ಲಿಸುವುದು ಬೇಡ, ಮುಂದಿನದನ್ನು ನೋಡುವಂಥದ್ದು ಬೇಕು ಎಂದರು. ಪ್ಲೆನ್ಸಾ ವಾಪಸ್ ಹೋಗಿ ಕಣ್ಣು ಮುಚ್ಚಿದ ಹುಡುಗಿಯ ತಲೆಯ ವಿನ್ಯಾಸ ತಂದರು. 'ಡ್ರೀಮ್' ಎಂಬ 20 ಮೀಟರ್ ಎತ್ತರದ ಆ ಬಿಳಿ ಶಿಲ್ಪ 2009ರಲ್ಲಿ ಗಣಿಯ ತ್ಯಾಜ್ಯದ ದಿಬ್ಬದ ಮೇಲೆ ನಿಂತಿತು. ಕಪ್ಪು ಕಲ್ಲಿದ್ದಲಿನ ಮೇಲೆ ಅಚ್ಚ ಬಿಳುಪು. ಅಲ್ಲಿ ದೀಪವೂ ಇಲ್ಲ, ಗುದ್ದಲಿಯೂ ಇಲ್ಲ, ಆದರೂ ಅದು ಗಣಿಗಾರರದೇ. ಜನ ಬೇಡ ಎಂದಾಗ ಕಲಾವಿದರು ಮುನಿಸಿಕೊಳ್ಳದೆ ಹೊಸದನ್ನು ತಂದರಲ್ಲ, ನಿಮ್ಮ ಕಲಾವಿದರನ್ನು ಆರಿಸುವಾಗ ಆ ಗುಣ ನೋಡಿ.

ಯಂತ್ರ ಬರೆಯುವುದೇ ಆದರೆ ಮೆಕ್ಸಿಕೋದ ಚಿತ್ರಕಾರ ಡಿಯೇಗೊ ರಿವೇರಾ ಮಾಡಿದಂತೆ ಮಾಡಿ. ಡೆಟ್ರಾಯಿಟ್‌ನ ಕಲಾ ಸಂಗ್ರಹಾಲಯದಲ್ಲಿ ಅವರ 27 ಫಲಕಗಳ ಗೋಡೆಚಿತ್ರ ಇದೆ, 1932-33ರದ್ದು. ಕುಂಚ ಹಿಡಿಯುವ ಮೊದಲು ಫೋರ್ಡ್ ಕಂಪನಿಯ ರೂಜ್ ಕಾರ್ಖಾನೆಯಲ್ಲಿ ಸುತ್ತಾಡಿ ರೇಖಾಚಿತ್ರ ಬರೆಯುವುದಕ್ಕೇ ಅವರು ತಿಂಗಳುಗಳನ್ನು ಕೊಟ್ಟರು. ಅಲ್ಲಿನ ಕೆಲಸಗಾರರು ಸಾಲಾಗಿ ಬಾಗಿ, ಎಳೆದು, ತಳ್ಳುತ್ತಿದ್ದಾರೆ. ಮೈಭಾರ ಯಾವ ಕಾಲಿನ ಮೇಲಿದೆ ಎಂಬುದೂ ಕಾಣುತ್ತದೆ.

ಕೊನೇ ಕರಡನ್ನು ಹಿಡಿದು ಒಂದು ತಾಂತ್ರಿಕ ಪರೀಕ್ಷೆ ಮಾಡಿಸಿ. ಹಳೇ ಫಿಟ್ಟರ್ ಒಬ್ಬರನ್ನು ಕೂರಿಸಿ, "ಇದರಲ್ಲಿ ತಪ್ಪು ಹುಡುಕಿ" ಎನ್ನಿ. ಬೆಲ್ಟ್ ಯಾವ ಕಡೆ ಓಡುತ್ತದೆ, ಲಿವರ್ ಎಡಗೈಯಲ್ಲೋ ಬಲಗೈಯಲ್ಲೋ, ಕೈಗವಸು ಹಾಕುತ್ತಿದ್ದರೋ ಇಲ್ಲವೋ, ಗೇರುಗಳು ತಿರುಗುತ್ತವೋ ಇಲ್ಲವೋ. ಈ ಒಂದು ಗಂಟೆಯಲ್ಲಿ ಸಿಗುವುದು ಬೇರೆಲ್ಲೂ ಸಿಗದು.

6. ಗೋಡೆ ಸಿದ್ಧ ಮಾಡುವುದು

ಚಿತ್ರ ಹಾಳಾಗುವುದು ಬಣ್ಣದಿಂದಲ್ಲ, ಹಿಂದಿನ ಗೋಡೆಯಿಂದ. ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ: ಸೋರುವ ಕೊಳವೆ, ಮೇಲಿನ ಬಿರುಕು, ನೆಲದಿಂದ ಏರುವ ತೇವ. ಅದನ್ನು ಸರಿಮಾಡದೆ ಪ್ರೈಮರ್ (ಬಣ್ಣಕ್ಕೂ ಮೊದಲು ಹಚ್ಚುವ ತಳಪದರ) ಡಬ್ಬಿ ತೆರೆಯಬೇಡಿ. ತೇವ ಇದೆಯೋ ಎಂದು ತಿಳಿಯಲು ಸುಲಭ ದಾರಿ ಇದೆ. 45 ಸೆಂಟಿಮೀಟರ್ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಒಳಗೆ ಹನಿ ಕಂಡರೆ ಅಥವಾ ಗೋಡೆ ಕಪ್ಪಾಗಿದ್ದರೆ ಇನ್ನೂ ಒಣಗಬೇಕು. ಗೋಡೆಯ ಮೂರ್ನಾಲ್ಕು ಕಡೆ, ಮುಖ್ಯವಾಗಿ ಬುಡದಲ್ಲಿ, ಹೀಗೆ ನೋಡಿ.

ಬಿಳಿ ಉಪ್ಪು ಬಿಟ್ಟಿದ್ದರೆ ಒಣ ಬ್ರಷ್‌ನಿಂದ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ. ಹೊಸ ಸಿಮೆಂಟ್ ಪ್ಲಾಸ್ಟರ್ ಆಗಿದ್ದರೆ 28 ದಿನ ಕಾಯಿರಿ. ಅದರ ಕ್ಷಾರ ಬಣ್ಣವನ್ನು ತಿನ್ನುತ್ತದೆ. ಆಮೇಲೂ ಕ್ಷಾರ ತಡೆಯುವ ಪ್ರೈಮರನ್ನೇ ಹಚ್ಚಿ. ಹಳೇ ಕಾರ್ಖಾನೆಯ ಸುಣ್ಣದ ಗಾರೆಯ ಇಟ್ಟಿಗೆ ಗೋಡೆಯಾದರೆ ಇನ್ನೊಂದು ಎಚ್ಚರ. ಅದು ಉಸಿರಾಡುವ ಗೋಡೆ. ದಪ್ಪ ಪ್ಲಾಸ್ಟಿಕ್‌ನಂಥ ಬಣ್ಣ ಬಳಿದರೆ ಒಳಗಿನ ತೇವ ಹೊರಬರಲು ದಾರಿ ಇಲ್ಲದೆ ಬಣ್ಣದ ಜೊತೆ ಇಟ್ಟಿಗೆಯ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತದೆ. ಇಂಥ ಕಡೆ ಸಿಲಿಕೇಟ್ ಬಣ್ಣ ಒಳ್ಳೆಯದು. 1878ರಲ್ಲಿ ಜರ್ಮನಿಯ ಕೈಮ್ ಇದಕ್ಕೆ ಪೇಟೆಂಟ್ ಪಡೆದರು. ಬಣ್ಣ ಮೇಲೆ ಪದರವಾಗಿ ಕೂರದೆ ಗೋಡೆಯ ಖನಿಜದ ಜೊತೆ ಬೆರೆಯುತ್ತದೆ. ದುಬಾರಿ, ಆದರೆ ಬಾಳುತ್ತದೆ.

ಬಣ್ಣದ ಆಯ್ಕೆಯಲ್ಲಿ ಅದೃಷ್ಟ ನಿಮ್ಮ ಕಡೆ ಇದೆ. ತುಕ್ಕುಗೆಂಪು, ಕಾವಿ, ಮಣ್ಣುಹಳದಿ, ಮಸಿಕಪ್ಪು ಎಲ್ಲ ಬಿಸಿಲಿಗೆ ಮಾಸದ ಬಣ್ಣಗಳು. ತುಕ್ಕಿನ ಬಣ್ಣ ಎಂದರೆ ನಿಜವಾಗಿಯೂ ಕಬ್ಬಿಣದ ಆಕ್ಸೈಡೇ. ಅಗ್ಗದ ಕಡುಗುಲಾಬಿ, ಕಿತ್ತಳೆ, ಹಳದಿ ಬೇಗ ಮಾಸುತ್ತವೆ. ಮಿಂಚುವ ಫ್ಲೋರೆಸೆಂಟ್ ಬಣ್ಣಗಳಂತೂ ಬೇಡವೇ ಬೇಡ. ಡಬ್ಬಿಯ ಮೇಲೆ ಬಿಸಿಲು ತಾಳುವ ದರ್ಜೆ ಬರೆದಿರುತ್ತದೆ, ಓದಿ ಕೊಳ್ಳಿ.

ಲೆಕ್ಕ ಹೀಗೆ ಹಾಕಿ. 12 ಮೀಟರ್ ಉದ್ದ, 3 ಮೀಟರ್ ಎತ್ತರದ ಗೋಡೆ 36 ಚದರ ಮೀಟರ್. ನುಣುಪು ಗೋಡೆಗೆ ಲೀಟರಿಗೆ ಹತ್ತು ಚದರ ಮೀಟರ್‌ವರೆಗೆ ಬರಬಹುದು, ಒರಟು ಇಟ್ಟಿಗೆಗೆ ಆರೂ ಕಷ್ಟ. ಆರು ಎಂದೇ ಹಿಡಿದರೆ ಎರಡು ಕೋಟ್ ಪ್ರೈಮರಿಗೆ 12 ಲೀಟರ್ ಬೇಕು.

7. ಚಿತ್ರ ಇಳಿಸಿ ಬಣ್ಣ ತುಂಬುವುದು

ಅದೇ ಗೋಡೆಗೆ 60 ಸೆಂಟಿಮೀಟರ್ ಉದ್ದ, 15 ಸೆಂಟಿಮೀಟರ್ ಎತ್ತರದ ಕರಡು ಬರೆದು ಒಂದೂವರೆ ಸೆಂಟಿಮೀಟರ್ ಚೌಕಗಳನ್ನು ಎಳೆಯಿರಿ. ಗೋಡೆಯ ಮೇಲೆ ಒಂದೊಂದು ಚೌಕ 30 ಸೆಂಟಿಮೀಟರ್, ಒಟ್ಟು 400 ಚೌಕ. ಗಾರೆಯವರ ಹಾಗೆ ಪುಡಿ ಹಚ್ಚಿದ ದಾರ ಎಳೆದು ಚಟ್ಟನೆ ಬಿಟ್ಟರೆ ನೇರ ಗೆರೆ ಬೀಳುತ್ತದೆ. ಪ್ರೊಜೆಕ್ಟರ್ ಇದ್ದರೆ ರಾತ್ರಿ ಒಂದೇ ಸಲಕ್ಕೆ ಕೆಲಸ ಮುಗಿಯುತ್ತದೆ. ಮೂರನೇ ದಾರಿ ನನಗೆ ಇಷ್ಟ: ಗೋಡೆ ತುಂಬ ಮಕ್ಕಳಿಂದ ಏನೇನೋ ಗೀಚಿಸಿ, ಫೋಟೋ ತೆಗೆದು, ಫೋನಿನಲ್ಲಿ ಕರಡನ್ನು ಅದರ ಮೇಲೆ ತೆಳ್ಳಗೆ ಹೊದಿಸಿ. ಆ ಗೀಚುಗಳೇ ಗುರುತು, ಅವನ್ನು ನೋಡಿಕೊಂಡು ಗೆರೆ ಎಳೆಯಬಹುದು. ಆಮೇಲೆ ಗೀಚು ಬಣ್ಣದ ಕೆಳಗೆ ಮುಚ್ಚಿಹೋಗುತ್ತದೆ, ಆದರೆ ಮಗುವಿಗೆ ಅದು ಎಲ್ಲಿದೆ ಎಂದು ಗೊತ್ತಿರುತ್ತದೆ.

ಎಲ್ಲರೂ ಬಣ್ಣ ಹಚ್ಚಬೇಕು, ಆದರೆ ಮೊಣಕಾಲು ನೋವಿನವರು ಸಾರುವೆ ಹತ್ತುವುದು ಹೇಗೆ? ಇದಕ್ಕೆ ಬಟ್ಟೆಯ ವಿಧಾನ ಇದೆ. 1984ರಲ್ಲಿ ಶುರುವಾದ ಅಮೆರಿಕದ ಫಿಲಡೆಲ್ಫಿಯಾದ ಮ್ಯೂರಲ್ ಆರ್ಟ್ಸ್ ಎಂಬ ಗೋಡೆಚಿತ್ರ ಸಂಸ್ಥೆ ಇದನ್ನು ಬಹಳ ಬಳಸುತ್ತದೆ. ತೆಳ್ಳನೆಯ ನೇಯದ ಬಟ್ಟೆಯನ್ನು ಅಲ್ಲಿ ಪ್ಯಾರಾಶೂಟ್ ಬಟ್ಟೆ ಎನ್ನುತ್ತಾರೆ. ಅದನ್ನು ಒಂದೂವರೆ ಮೀಟರ್ ಚೌಕದ ತುಂಡುಗಳಾಗಿ ಕತ್ತರಿಸಿ ಪ್ರೈಮರ್ ಹಚ್ಚಿ, ಮೇಲೆ ಗೆರೆ ಇಳಿಸಿ, ಒಂದೊಂದು ಭಾಗಕ್ಕೂ ಬಣ್ಣದ ಸಂಖ್ಯೆ ಬರೆಯುತ್ತಾರೆ. ಡಬ್ಬಿಗಳ ಮೇಲೂ ಅದೇ ಸಂಖ್ಯೆ. ಮೇಜಿನ ಮೇಲೆ ಹರಡಿದರೆ ವೃದ್ಧಾಶ್ರಮದಲ್ಲೂ ಶಾಲೆಯಲ್ಲೂ ಆಸ್ಪತ್ರೆಯಲ್ಲೂ ಕೂತು ಹಚ್ಚಬಹುದು. ಒಣಗಿದ ಮೇಲೆ ಅಕ್ರಿಲಿಕ್ ಜೆಲ್‌ನಿಂದ ಗೋಡೆಗೆ ಅಂಟಿಸಿ, ಗಾಳಿಗುಳ್ಳೆ ಇರದಂತೆ ರೋಲರ್ ಒತ್ತುತ್ತಾರೆ. ಅಂಚುಗಳನ್ನು ಕಲಾವಿದರು ಗೋಡೆಯ ಮೇಲೇ ಕೂಡಿಸುತ್ತಾರೆ.

ಗೋಡೆಯ ಮೇಲೇ ಹಚ್ಚುವುದಾದರೆ ಕೆಲವು ಸಣ್ಣ ನಿಯಮಗಳು ದೊಡ್ಡ ಕಾಟ ತಪ್ಪಿಸುತ್ತವೆ. ಬಣ್ಣವನ್ನು ಬೇಕಾದ್ದಕ್ಕಿಂತ ಜಾಸ್ತಿಯೇ ಒಮ್ಮೆಗೆ ಕಲಸಿ. ಅದೇ ಬೂದು ಮತ್ತೆ ಬರುವುದಿಲ್ಲ. ಕೈಗೆ ಕೊಡುವುದು ಚಿಕ್ಕ ಲೋಟದಲ್ಲಿ, ಕಾಲು ಭಾಗ ಮಾತ್ರ. ಬಿಸಿಲು ನೇರ ಬೀಳುವಾಗ ಹಚ್ಚಬೇಡಿ, ನೆರಳಿನ ಹಿಂದೆಯೇ ಸಾಗಿ. ಹತ್ತು ಡಿಗ್ರಿಗಿಂತ ಕೆಳಗಿನ ಚಳಿಯಲ್ಲಿ ಅಕ್ರಿಲಿಕ್ ಸರಿಯಾಗಿ ಕೂರುವುದಿಲ್ಲ. ಸಾರುವೆಯ ಮೇಲೆ ತರಬೇತಾದ ದೊಡ್ಡವರು ಮಾತ್ರ. ಮಕ್ಕಳು ತಮ್ಮ ಎದೆಯೆತ್ತರಕ್ಕೆ ಬರುವ ಚೌಕಗಳಲ್ಲಿ. ಮುಖ, ಕೈಬೆರಳು, ಅಕ್ಷರ ಈ ಮೂರು ಕಲಾವಿದರಿಗೆ ಇರಲಿ. ಇದರಲ್ಲಿ ಸಮಾನತೆ ಎಂದು ಹೋಗಬೇಡಿ, ಯಾರದೋ ತಂದೆಯ ಮುಖ ಅದು.

ಇಷ್ಟು ಜನ ಸೇರಿದರೆ ಒಂದು ಕೆಲಸ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ಕಲಾವಿದೆ ಜೂಡಿ ಬಾಕಾ ಅವರ ಲಾಸ್ ಏಂಜಲೀಸ್‌ನ 'ಗ್ರೇಟ್ ವಾಲ್' ನೋಡಿ. 1976ರಲ್ಲಿ ಶುರುವಾಯಿತು. ಪ್ರವಾಹ ತಡೆಯುವ ಕಾಂಕ್ರೀಟ್ ಕಾಲುವೆಯ ಗೋಡೆಯ ಮೇಲೆ 400ಕ್ಕೂ ಹೆಚ್ಚು ಯುವಕ ಯುವತಿಯರು ಬೇಸಿಗೆಗಳಲ್ಲಿ ಬಂದು ಸುಮಾರು 840 ಮೀಟರ್ ಉದ್ದ ಬರೆದರು. ಅವರಿಗೆ ಕೂಲಿ ಕೊಟ್ಟಿದ್ದರು, ಅದನ್ನೂ ನೆನಪಿಡಿ.

8. ಹಳೇ ಯಂತ್ರದ ತುಂಡುಗಳಿಂದ ಶಿಲ್ಪವಾದರೆ

ಗುಜರಿ ಕಬ್ಬಿಣ ಕಂಡರೆ ಎಲ್ಲರಿಗೂ ಆಸೆ. ಆದರೆ ಹಳೇ ಕೆಪಾಸಿಟರ್, ಟ್ರಾನ್ಸ್‌ಫಾರ್ಮರ್‌ಗಳ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ಇರಬಹುದು, ಅವನ್ನು ಮುಟ್ಟಬೇಡಿ. ಸತುವಿನ ಲೇಪ ಇರುವ ಕಬ್ಬಿಣವನ್ನು ವೆಲ್ಡಿಂಗ್ ಮಾಡಿದರೆ ಏಳುವ ಹೊಗೆಗೆ ಚಳಿಜ್ವರ ಬರುತ್ತದೆ. ಮೊದಲು ಲೇಪ ತೆಗೆಯಬೇಕು. ತಾಮ್ರ ಮತ್ತು ಉಕ್ಕು ನೇರ ತಾಗಿದರೆ ಮಳೆಯಲ್ಲಿ ಉಕ್ಕು ಬೇಗ ಸವೆಯುತ್ತದೆ, ನಡುವೆ ನೈಲಾನ್ ವಾಷರ್ ಇಡಿ. ತುಕ್ಕಿನ ಮೇಲೆ ಸುಮ್ನೆ ವಾರ್ನಿಷ್ ಬಳಿದರೆ ಒಳಗೆ ತುಕ್ಕು ನಡೆಯುತ್ತಲೇ ಇರುತ್ತದೆ, ಪದರ ಎದ್ದುಬರುತ್ತದೆ.

ಮಕ್ಕಳು ಹತ್ತಿಯೇ ಹತ್ತುತ್ತಾರೆ ಎಂದುಕೊಂಡೇ ವಿನ್ಯಾಸ ಮಾಡಿ. 9ರಿಂದ 23 ಸೆಂಟಿಮೀಟರ್ ನಡುವಿನ ಸಂದಿಯಲ್ಲಿ ಮಗುವಿನ ಮೈ ನುಸುಳಿ ತಲೆ ಸಿಕ್ಕಿಕೊಳ್ಳಬಹುದು. ಆಟದ ಮೈದಾನಗಳ ನಿಯಮಗಳೂ ಈ ಅಳತೆಯ ಸಂದಿ ಬೇಡ ಎನ್ನುತ್ತವೆ. ತಿರುಗುವ ಭಾಗಗಳನ್ನು ಬೆಸೆದು ನಿಲ್ಲಿಸಿ. ತಳಪಾಯ, ಗಾಳಿಯ ಒತ್ತಡ ಎರಡಕ್ಕೂ ಎಂಜಿನಿಯರ್ ಸಹಿ ಬೇಕು. ಗಣಿ ಇದ್ದ ನೆಲವಾದರೆ ಇನ್ನೂ ಹುಷಾರು. ಇಂಗ್ಲೆಂಡಿನ ಗೇಟ್ಸ್‌ಹೆಡ್‌ನಲ್ಲಿ 1998ರಲ್ಲಿ ನಿಂತ ಆಂಟನಿ ಗೋರ್ಮ್ಲಿಯ 'ಏಂಜಲ್ ಆಫ್ ದಿ ನಾರ್ತ್' ಶಿಲ್ಪದ ತೂಕ ಸುಮಾರು 200 ಟನ್. ಕೆಳಗೆ ಹಳೇ ಕಲ್ಲಿದ್ದಲು ಸುರಂಗಗಳು. ಅದಕ್ಕೆಂದೇ 600 ಟನ್ ಕಾಂಕ್ರೀಟ್ ಸುರಿದು, 20 ಮೀಟರ್ ಕೆಳಗಿನ ಬಂಡೆಗೆ ಬಿಗಿದಿದ್ದಾರೆ. ಕಣ್ಣಿಗೆ ಕಾಣುವುದು ಕಡಿಮೆ, ಹೂತಿಟ್ಟದ್ದೇ ಜಾಸ್ತಿ.

9. ಹೆಸರು, ಕಾಗದ, ಮುಂದಿನ ವರ್ಷಗಳು

ಉದ್ಘಾಟನೆಯ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಭಾಷಣ ಕಡಿಮೆ ಇರಲಿ. ಫಲಕದಲ್ಲಿ ಹಣ ಕೊಟ್ಟವರ ಹೆಸರಿಗಿಂತ ಕೆಲಸಗಾರರ ಮಾತು ದೊಡ್ಡ ಅಕ್ಷರದಲ್ಲಿರಲಿ. ಬಣ್ಣ ಹಚ್ಚಿದ ಪ್ರತಿಯೊಬ್ಬರ ಹೆಸರೂ ಬರಲಿ, ಕಾಗುಣಿತವನ್ನು ಅವರಿಗೇ ತೋರಿಸಿ. ಕ್ಯುಆರ್ ಕೋಡ್ ಹಾಕಿ ದಾಖಲಿಸಿದ ಧ್ವನಿ ಕೇಳಿಸಬಹುದು, ಆದರೆ ಆ ವೆಬ್ ವಿಳಾಸಕ್ಕೆ ವರ್ಷವರ್ಷ ಹಣ ಕಟ್ಟುವವರು ಯಾರು ಎಂದು ಮೊದಲೇ ತೀರ್ಮಾನಿಸಿ.

ಮಾಲೀಕರ ಜೊತೆ ಒಪ್ಪಂದ ಬರೆದುಕೊಳ್ಳುವುದನ್ನು ಮಾತ್ರ ಬಿಡಬೇಡಿ. ನ್ಯೂಯಾರ್ಕಿನ ಲಾಂಗ್ ಐಲ್ಯಾಂಡ್ ಸಿಟಿಯಲ್ಲಿ ಹಿಂದೆ ನೀರಿನ ಮೀಟರ್ ತಯಾರಿಸುತ್ತಿದ್ದ ಕಾರ್ಖಾನೆ ಕಟ್ಟಡ '5ಪಾಯಿಂಟ್ಜ್' ಎಂಬ ಹೆಸರಿನಲ್ಲಿ ಗೋಡೆಚಿತ್ರಗಳಿಗೆ ಪ್ರಸಿದ್ಧವಾಗಿತ್ತು. 2013ರ ಒಂದು ರಾತ್ರಿ ಮಾಲೀಕರು ಎಲ್ಲಕ್ಕೂ ಬಿಳಿ ಬಣ್ಣ ಬಳಿಸಿದರು. ಕಲಾವಿದರು ಕೋರ್ಟಿಗೆ ಹೋದರು. 2018ರಲ್ಲಿ 21 ಕಲಾವಿದರಿಗೆ ಒಟ್ಟು 67.5 ಲಕ್ಷ ಡಾಲರ್ ಪರಿಹಾರದ ತೀರ್ಪು ಬಂತು, 2020ರಲ್ಲಿ ಮೇಲ್ಮನವಿಯಲ್ಲೂ ಅದು ಉಳಿಯಿತು. ಹಣ ಬಂತು, ಚಿತ್ರ ವಾಪಸ್ ಬರಲಿಲ್ಲ. ಕಲೆಯಿಂದ ಜಾಗಕ್ಕೆ ಹೆಸರು ಬಂದು, ಹೆಸರಿನಿಂದ ಬೆಲೆ ಏರಿ, ಕೊನೆಗೆ ಕಲೆಯನ್ನೇ ಹೊರಹಾಕುವುದು ಬೇರೆ ಕಡೆಯೂ ಆಗುವುದೇ.

ಒಪ್ಪಂದದಲ್ಲಿ ಇಷ್ಟಂತೂ ಇರಲಿ: ಎಷ್ಟು ವರ್ಷ ಚಿತ್ರ ಉಳಿಯುತ್ತದೆ, ಜಾಗ ಮಾರಾಟವಾದರೆ ಹೊಸ ಮಾಲೀಕರಿಗೂ ಮಾತು ಅನ್ವಯಿಸುತ್ತದೆಯೇ, ತೆಗೆಯುವ ಎಷ್ಟು ದಿನ ಮೊದಲು ತಿಳಿಸಬೇಕು, ಚಿತ್ರದ ಹಕ್ಕು ಯಾರದ್ದು, ಟೀ-ಶರ್ಟಿಗೋ ಜಾಹೀರಾತಿಗೋ ಬಳಸಿದರೆ ಬಂದ ಹಣ ಯಾರಿಗೆ.

ನಿರ್ವಹಣೆಗೆ ಒಟ್ಟು ಖರ್ಚಿನ ಹತ್ತರಲ್ಲಿ ಒಂದು ಭಾಗ ಮೊದಲೇ ತೆಗೆದಿಡಿ. ಉಳಿದ ಬಣ್ಣವನ್ನು ಸಂಖ್ಯೆ, ದಿನಾಂಕ ಬರೆದು ಗಾಳಿಯಾಡದ ಡಬ್ಬಿಯಲ್ಲಿ ಇಡಿ. ಡಬ್ಬಿ ಒಣಗಿದರೂ ಸರಿಹೊಂದಿಸಿ ಕಲಸಲು ಮಾದರಿ ಬೇಕಲ್ಲ, ಒಂದು ಕಾಗದಕ್ಕೆ ಪ್ರತಿ ಬಣ್ಣ ಹಚ್ಚಿ ಕಡತದಲ್ಲಿಡಿ. ಗೀಚುವವರ ಕಾಟ ಇದ್ದರೆ ಕೈಯೆತ್ತರದವರೆಗೆ ಮೇಣದ ರಕ್ಷಣಾ ಪದರ ಹಚ್ಚಬಹುದು. ಬಿಸಿನೀರಿಗೆ ಗೀಚಿನ ಜೊತೆ ಅದೂ ಹೋಗುತ್ತದೆ, ಮತ್ತೆ ಹಚ್ಚಬೇಕು. ಉಸಿರಾಡುವ ಇಟ್ಟಿಗೆ ಗೋಡೆಗೆ ಶಾಶ್ವತ ಪದರದ ಯೋಚನೆ ಬೇಡ.

ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಒಂದೇ ಜಾಗದಲ್ಲಿ ನಿಂತು ಫೋಟೋ ತೆಗೆಯಿರಿ. ಬುಡದ ತೇವ, ಬಿರುಕು, ಎದ್ದ ಪದರ ನೋಡಿ ಬರೆದಿಡಿ. ಐದನೇ ವರ್ಷ ತಂಡವನ್ನು ಮತ್ತೆ ಕರೆದು, ತೇಪೆ ಹಾಕುವುದೋ, ಹೊಸದು ಬರೆಯುವುದೋ, ಸುಣ್ಣ ಬಳಿದು ಬೇರೆಯವರಿಗೆ ಗೋಡೆ ಬಿಟ್ಟುಕೊಡುವುದೋ ಎಂದು ಮತ ಹಾಕಿ. ಆ ಸಭೆಯ ದಿನಾಂಕವನ್ನು ಇವತ್ತೇ ಒಪ್ಪಂದದಲ್ಲಿ ಸೇರಿಸಿ.